ಇದ್ದಾ ಮುಗಿದರೂ ಮುಗಿಯದ ಹೆದರಿಕೆ

ತಲಾಕ್ ಆದ ಮುಸ್ಲಿಂ ಮಹಿಳೆಯೂ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಪ್ರಕಾರ ಜೀವನಾಂಶ ಕೇಳಬಹುದು ಎಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆಗ ನಮ್ಮಲ್ಲಿ ಎಷ್ಟು ಚರ್ಚೆ! ಶರೀಅತ್ತಾ, ಕಾನೂನಾ ಅಂತ. ಏಟು ತಿಂದು ತವರಿಗೆ ಬಂದ ಹೆಣ್ಣಿಗೆ ರಾತ್ರಿ ನಿದ್ದೆ ಬರುತ್ತದಾ ಅಂತ ಕೇಳಿದವರು ಕಡಿಮೆ.

ಜಮಾಅತಿನಲ್ಲಿ ಮಾತುಕತೆ ಮುಗಿದು, ಚಿನ್ನ ವಾಪಸ್ ಬಂದು, ಇದ್ದಾ ಕಳೆದರೆ ಎಲ್ಲ ಮುಗಿಯಿತು ಎಂಬುದು ನಮ್ಮ ಲೆಕ್ಕ. ಅವಳಿಗೆ ಮುಗಿದಿರುವುದಿಲ್ಲ. ಗೇಟಿನ ಸದ್ದಾದರೆ ಎದೆ ಧಸಕ್ಕೆನ್ನುತ್ತದೆ. ಫೋನ್ ರಿಂಗಾದರೆ ಕೈ ನಡುಗುತ್ತದೆ. ಸಾರಿಗೆ ಉಪ್ಪು ಹೆಚ್ಚಾದರೆ ಯಾರೂ ಬೈಯದಿದ್ದರೂ ಮಾಫ್ ಕೇಳುತ್ತಾಳೆ. ಒಮ್ಮೊಮ್ಮೆ ಬಿಟ್ಟು ಬಂದ ಗಂಡನನ್ನೇ ನೆನೆದು ಅಳುತ್ತಾಳೆ. "ಅಷ್ಟು ಇಷ್ಟ ಇದ್ದರೆ ಯಾಕೆ ಬಂದೆ?" ಅಂತ ಮನೆಯವರು ಬೈತಾರೆ. ವರ್ಷಗಟ್ಟಲೆ ಹೆದರಿ ಬದುಕಿದ ಮನಸ್ಸು ಅಪಾಯ ದೂರವಾದ ಕೂಡಲೇ ಕಾವಲು ಬಿಡುವುದಿಲ್ಲ. ಅದು ಈಮಾನಿನ ಕೊರತೆಯಲ್ಲ, ಜಿನ್ನ್ ಹಿಡಿದದ್ದೂ ಅಲ್ಲ. ಕುರ್‌ಆನ್ ಓದಿ ಊದಿಸುವುದು ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಚಿಕಿತ್ಸೆ ಮಾಡಿಸಿ ಎಂದದ್ದೂ ಪ್ರವಾದಿ(ಸ)ರೇ ಅಲ್ಲವೇ?

"ಸಬ್ರ್ ಮಾಡು" ಎಂಬ ಮಾತು ನಾನೂ ಹೇಳಿದವನೇ. ಮದ್ರಸದ ಮಗುವೊಂದರ ಉಮ್ಮನಿಗೆ ಎರಡು ಸಲ ಹಾಗೆ ಹೇಳಿ ಗಂಡನ ಮನೆಗೆ ಕಳುಹಿಸಿದೆ. ಮೂರನೇ ಸಲ ಮನೆ ಬಿಟ್ಟು ಬಂದಾಗ ಆಕೆ ನನ್ನ ಹತ್ತಿರ ಬರಲಿಲ್ಲ.

ಸಾಬಿತ್ ಬಿನ್ ಕೈಸ್(ರ)ರ ಹೆಂಡತಿಯ ಹದೀಸ್ ಬುಖಾರಿಯಲ್ಲಿದೆ. ಗಂಡನ ದೀನಿನಲ್ಲಾಗಲಿ ನಡತೆಯಲ್ಲಾಗಲಿ ದೋಷವಿಲ್ಲ, ಆದರೂ ಜೊತೆಗೆ ಬಾಳಲಾರೆ ಎಂದರು ಆಕೆ. ಪ್ರವಾದಿ(ಸ)ರು ಮಹ್ರ್ ಆಗಿ ಸಿಕ್ಕಿದ ತೋಟ ವಾಪಸ್ ಕೊಡುತ್ತೀಯಾ ಎಂದು ಕೇಳಿದರು, ಬಿಡುಗಡೆ ಮಾಡಿಸಿದರು. ಹೊಡೆತದ ಮಾತೇ ಇಲ್ಲದ ಕಡೆ ಹೀಗೆ. ಹೊಡೆತ ತಿಂದವಳಿಗೆ ನಾವು ಇನ್ನೆಷ್ಟು ಸಬ್ರ್ ಹೇಳುವುದು?

2005ರ ಕೌಟುಂಬಿಕ ಹಿಂಸೆ ಕಾಯ್ದೆ ಬೈಗುಳ, ಅವಮಾನಗಳನ್ನೂ ಹಿಂಸೆ ಎಂದೇ ಎಣಿಸುತ್ತದೆ. ಮಹಿಳಾ ಸಹಾಯವಾಣಿ 181. ಮನಸ್ಸಿನ ತೊಂದರೆಗೆ ಸರಕಾರದ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆ ಇಲ್ಲದೆ ವಾರಗಳು ಕಳೆದಿದ್ದರೆ, ಸಾಯುವ ಮಾತು ಬಂದಿದ್ದರೆ, ಕಾಯಬೇಡಿ.

ಇನ್ನೊಂದು. ಇದ್ದಾ ಮುಗಿದ ಮರುವಾರವೇ ಎರಡನೇ ಸಂಬಂಧದ ಮಾತು ಎತ್ತಬೇಡಿ. ನೆಂಟರು ಬಂದು "ಏನಾಯ್ತು?" ಅಂತ ಕೆದಕಿದರೆ ಉತ್ತರ ಕೊಡುವ ಕೆಲಸ ಉಮ್ಮ, ಬಾಪನದ್ದು. ಅವಳು ಒಳಗೆ ಮಲಗಿರಲಿ.