ಬಾಣಂತಿ ಸೂಜಿ ಹಿಡಿದರೆ ಕಣ್ಣು ಹೋಗುತ್ತದೆಯೇ? ಹಸುಗೂಸಿರುವ ಮನೆಯಲ್ಲಿ ಹೊಲಿಗೆ, ಹೆಣಿಗೆ, ಕೈಕೆಲಸ

ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಗ್ರೂಪಿನಲ್ಲಿ ಬೀಳುತ್ತಿದ್ದಂತೆ ಎರಡು ಬಗೆಯ ಸಂದೇಶಗಳು ಬರತೊಡಗುತ್ತವೆ. ಒಂದು ಹಿರಿಯರದು: "ಬಾಣಂತಿ ಸೂಜಿ ದಾರ ಮುಟ್ಟಬಾರದು, ಓದಬಾರದು, ಕಣ್ಣು ಹೋಗುತ್ತೆ." ಇನ್ನೊಂದು ಹೊಸಬರದು: "ಮಗು ಮಲಗಿದಾಗ ಕ್ರೋಶಾ ಹಾಕಿ, ಒತ್ತಡ ಶೇ. 75 ಕಡಿಮೆ ಆಗುತ್ತೆ, ಮನೆಯಲ್ಲೇ ಕೂತು ದುಡ್ಡೂ ಬರುತ್ತೆ." ಒಂದು ಹೆದರಿಸುತ್ತದೆ, ಇನ್ನೊಂದು ಆಸೆ ಹುಟ್ಟಿಸುತ್ತದೆ. ಎರಡರಲ್ಲೂ ಒಂದಿಷ್ಟು ನಿಜವಿದೆ, ಒಂದಿಷ್ಟು ಅಪಾಯವೂ ಇದೆ.

ಕಣ್ಣಿನ ವಿಷಯ

ಹತ್ತಿರದ ಕೆಲಸ ಮಾಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 15ರ ಆಸುಪಾಸು ಬಡಿಯುವ ರೆಪ್ಪೆ, ಸೂಜಿಯ ತುದಿಯನ್ನೋ ಮೊಬೈಲನ್ನೋ ದಿಟ್ಟಿಸುವಾಗ ಅದಕ್ಕಿಂತ ನಿಧಾನವಾಗುತ್ತದೆ. ಕಣ್ಣು ಒಣಗಿ ಉರಿಯುತ್ತದೆ, ಮಂಜಾದಂತೆ ಕಾಣುತ್ತದೆ. ನಿದ್ದೆಗೆಟ್ಟ ತಾಯಿಗೆ ಇದು ಬೇಗ ಆಗುತ್ತದೆ. ಆದರೆ ಇದು ದಣಿವು ಮಾತ್ರ. ಹೊಲಿಗೆಯಿಂದ ದೃಷ್ಟಿ ಶಾಶ್ವತವಾಗಿ ಹೋಗುವುದಿಲ್ಲ.

ಬಸುರಿನಲ್ಲಿ ಕಣ್ಣಿನಲ್ಲೇ ಒಂದು ಬದಲಾವಣೆ ಆಗುವುದು ನಿಜ. ಮೈಯಲ್ಲಿ ನೀರು ನಿಲ್ಲುವಂತೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಲ್ಲೂ, ಅಂದರೆ ಕಾರ್ನಿಯಾದಲ್ಲೂ ನೀರು ನಿಂತು ಅದು ತುಸು ದಪ್ಪವಾಗುತ್ತದೆ. ಆಗ ಕನ್ನಡಕದ ನಂಬರ್ ಸ್ವಲ್ಪ ಆಚೀಚೆ ಆಗಬಹುದು. ಹೆರಿಗೆಯಾದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಹೆಚ್ಚಿನವರಿಗೆ ಇದು ತಾನಾಗಿಯೇ ಸರಿಹೋಗುತ್ತದೆ. ಈ ಹೊತ್ತಿನಲ್ಲಿ ಅವಸರಪಟ್ಟು ಹೊಸ ಕನ್ನಡಕ ಮಾಡಿಸಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಬಾಣಂತಿಗೆ ಕಣ್ಣು ಮಂಜಾಗುವುದನ್ನು ನೋಡಿದ ಹಿರಿಯರು ಆಕೆಯ ಕೈಯಲ್ಲಿದ್ದ ಸೂಜಿಯನ್ನು ದೂರಿರಬಹುದು. ಆ ಮಾತಿನಿಂದ ಆಕೆಗೆ ನಾಲ್ಕು ದಿನ ವಿಶ್ರಾಂತಿ ಸಿಕ್ಕಿದ್ದರೆ ಒಳ್ಳೆಯದೇ.

ಈ ನಂಬಿಕೆಯಲ್ಲಿ ನಮಗೆ ಕಾಣುವ ಅಪಾಯ ಬೇರೆಯೇ ಇದೆ. ಹೆರಿಗೆಯಾದ ಆರು ವಾರಗಳವರೆಗೂ ಕೆಲವರಿಗೆ ರಕ್ತದೊತ್ತಡ ಏಕಾಏಕಿ ಏರಬಹುದು. ಬಸುರಿನಲ್ಲಿ ಬಿ.ಪಿ. ಸರಿಯಿದ್ದವರಿಗೂ ಹೀಗಾಗುವುದುಂಟು. ಇದಕ್ಕೆ ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಇದರ ಲಕ್ಷಣಗಳು: ಬಿಡದ ತಲೆನೋವು, ಕಣ್ಣು ಮಂಜಾಗುವುದು, ಕಣ್ಣ ಮುಂದೆ ಮಿಂಚು ಹೊಡೆದಂತಾಗುವುದು, ಬಲಪಕ್ಕೆಯ ಕೆಳಗೆ ನೋವು, ಉಸಿರು ಕಟ್ಟುವುದು. ಚಿಕಿತ್ಸೆ ತಡವಾದರೆ ಫಿಟ್ಸ್ ಬರಬಹುದು, ಜೀವಕ್ಕೇ ಎರವಾಗಬಹುದು. "ನಿನ್ನೆ ಕುಲಾವಿ ಹೊಲಿಯುತ್ತ ಕೂತಿದ್ದಳಲ್ಲ, ಅದಕ್ಕೇ ಕಣ್ಣು ಮಂಜು" ಎಂದು ಮನೆಯವರು ಕಷಾಯ ಕೊಟ್ಟು ಮಲಗಿಸಿಬಿಟ್ಟರೆ ಸಮಯ ಕೈತಪ್ಪುತ್ತದೆ. ಬಾಣಂತಿಗೆ ತಲೆನೋವಿನ ಜೊತೆ ಕಣ್ಣು ಮಂಜಾದರೆ ಅದೇ ದಿನ ಬಿ.ಪಿ. ನೋಡಿಸಿ. 140/90 ದಾಟಿದ್ದರೆ ವೈದ್ಯರನ್ನು ಕಾಣಿರಿ. 160/110 ಮುಟ್ಟಿದ್ದರೆ ಅದು ತುರ್ತು ಸ್ಥಿತಿ. ಈ ಲಕ್ಷಣಗಳಿದ್ದರೆ ಬಿ.ಪಿ. ಮಿಷನ್ ಸಿಗುವವರೆಗೂ ಕಾಯದೆ ಆಸ್ಪತ್ರೆಗೆ ಹೊರಡಿ.

ಕಣ್ಣು ಕತ್ತಲೆ ಬಂದಂತಾಗಿ ಸುಸ್ತು ಜಾಸ್ತಿಯಿದ್ದರೆ ರಕ್ತಹೀನತೆಯನ್ನೂ ನೆನೆಯಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ಅದು ಇದೆ.

ಸೂಜಿಯಿಂದ ನಿಜಕ್ಕೂ ತೊಂದರೆಯಾಗುವುದು ಮಣಿಕಟ್ಟಿಗೆ. ಕಂಕುಳಡಿ ಎರಡೂ ಕೈ ಹಾಕಿ, ಹೆಬ್ಬೆರಳು ಅಗಲಿಸಿ ಮಗುವನ್ನು ಎತ್ತಿ ಎತ್ತಿ ಹೆಬ್ಬೆರಳ ಬುಡದ ನರಕಟ್ಟು ಊದಿಕೊಳ್ಳುವುದು ಹೊಸ ತಾಯಂದಿರಲ್ಲಿ ಸಾಮಾನ್ಯ. ಅದಕ್ಕೆ ಡಿ ಕ್ವೆರ್ವೇನ್ಸ್ ಎಂದು ಹೆಸರು. ಅದರ ಮೇಲೆ ಕ್ರೋಶಾ ಕಡ್ಡಿಯನ್ನೂ ಬಿಗಿಹಿಡಿದರೆ ನೋವು ಜಾಸ್ತಿಯಾಗುತ್ತದೆ. ಮಗುವನ್ನು ಅಂಗೈ ಮೇಲ್ಮುಖ ಮಾಡಿ ಬಾಚಿ ಎತ್ತಿ, ಕಡ್ಡಿಗೆ ಕೆಲವು ದಿನ ರಜೆ ಕೊಡಿ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.

"ಶೇ. 75" ಎಲ್ಲಿಂದ ಬಂತು?

ಈ ಅಂಕಿಗೆ ಮೂಲವಾಗಿ ತೋರಿಸುವುದು ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು. 39 ಮಂದಿ ವಯಸ್ಕರಿಗೆ 45 ನಿಮಿಷ ಮಣ್ಣು, ಬಣ್ಣ, ಕಾಗದ ಕೊಟ್ಟು ಇಷ್ಟ ಬಂದದ್ದು ಮಾಡಲು ಬಿಟ್ಟರು. ಮೊದಲು ಮತ್ತು ಆಮೇಲೆ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಸುಮಾರು ಶೇ. 75 ಜನರಲ್ಲಿ ಅದು ಇಳಿದಿತ್ತು. ಅಂದರೆ ನಾಲ್ವರಲ್ಲಿ ಮೂವರಿಗೆ ಇಳಿಯಿತು, ಉಳಿದವರಿಗೆ ಇಳಿಯಲಿಲ್ಲ. ಒತ್ತಡವೇ ಮುಕ್ಕಾಲು ಪಾಲು ಹೋಯಿತು ಎಂದಲ್ಲ. ಸುಮ್ಮನೆ 45 ನಿಮಿಷ ಕೂತಿದ್ದರೂ ಇಳಿಯುತ್ತಿತ್ತೇ ಎಂದು ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಮೇಲಾಗಿ, ಹಸುಗೂಸಿನ ತಾಯಿಗೆ ಯಾರೂ ಕರೆಯದ 45 ನಿಮಿಷ ಯಾರು ಕೊಡುತ್ತಾರೆ?

ಹೆಣಿಗೆಯ ಬಗ್ಗೆ 2013ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾದ ಸಮೀಕ್ಷೆಯೂ ಇದೆ. 3,545 ಮಂದಿ ಉತ್ತರಿಸಿದ್ದರು. ಹೆಚ್ಚು ಸಲ ಹೆಣೆಯುವವರು ಹೆಚ್ಚು ನೆಮ್ಮದಿ ಎಂದು ಹೇಳಿಕೊಂಡರು. ಆದರೆ ಉತ್ತರಿಸಿದವರೆಲ್ಲ ಮೊದಲೇ ಹೆಣಿಗೆಯನ್ನು ಪ್ರೀತಿಸುವವರು. ಕೈಕೆಲಸ ಮನಸ್ಸಿಗೆ ಹಿತ ಎಂಬುದಕ್ಕೆ ನಮ್ಮ ತಕರಾರಿಲ್ಲ. ಅದು ಖಿನ್ನತೆಗೆ ಔಷಧ ಎಂಬ ಫಾರ್ವರ್ಡಿಗೆ ಮಾತ್ರ ತಕರಾರು. ಹೆರಿಗೆಯ ನಂತರ ಎರಡು ವಾರ ದಾಟಿದರೂ ಅಳು ನಿಲ್ಲುತ್ತಿಲ್ಲ, ಮಗುವಿನ ಮೇಲೆ ಮನಸ್ಸೇ ಹೋಗುತ್ತಿಲ್ಲ, ಬದುಕು ಸಾಕೆನಿಸುತ್ತಿದೆ ಎಂದರೆ ಆಕೆಗೆ ಉಲ್ಲನ್ ಉಂಡೆ ತಂದುಕೊಟ್ಟರೆ ಸಾಲದು. ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಎಂಥ ಕೆಲಸ ಆರಿಸಿಕೊಳ್ಳಬೇಕು?

ನವಜಾತ ಶಿಶು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ. ಕೇಳಿದರೆ ತಾಯಿಗೆ ಎಷ್ಟು ಬಿಡುವು ಎನಿಸುತ್ತದೆ. ಆದರೆ ಆ ನಿದ್ದೆ ಎರಡು ಮೂರು ಗಂಟೆಗೊಮ್ಮೆ ಹಾಲಿಗೆ ಎಚ್ಚರಾಗುವ ತುಂಡು ನಿದ್ದೆ. ಅದರಲ್ಲೇ ತಾಯಿಯ ಊಟ, ಸ್ನಾನ, ನಿದ್ದೆ ಎಲ್ಲ ಮುಗಿಯಬೇಕು. ಮೊದಲ ಆರು ವಾರ ಕೈಕೆಲಸಕ್ಕಿಂತ ನಿದ್ದೆಯೇ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ. ಆಮೇಲೂ ಸಿಗುವುದು ಹತ್ತು ಹದಿನೈದು ನಿಮಿಷದ ಚೂರುಗಳೇ.

ಆದ್ದರಿಂದ ಕೆಲಸ ಸುಲಭವೋ ಕಷ್ಟವೋ ಎಂಬುದಕ್ಕಿಂತ, ನಡುವೆ ಬಿಟ್ಟೆದ್ದರೆ ಕೆಡುತ್ತದೆಯೋ ಎಂದು ಕೇಳಿಕೊಳ್ಳಬೇಕು. ನಮ್ಮ ಕಡೆಯ ಎರಡು ಕೆಲಸಗಳನ್ನೇ ನೋಡಿ. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸುತ್ತ ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ ಹೊಲಿಗೆಗಳನ್ನು ಹಾಕಬೇಕು. ಮೊದಲೇ ನಕ್ಷೆ ಬರೆದುಕೊಳ್ಳುವುದಿಲ್ಲ, ಗಂಟೂ ಹಾಕುವುದಿಲ್ಲ. ಒಂದು ಎಳೆ ತಪ್ಪಿದರೆ ಗೋಪುರವೇ ವಾಲುತ್ತದೆ. ಇಪ್ಪತ್ತಮೂರನೆಯ ಎಳೆಯಲ್ಲಿದ್ದಾಗ ಮಗು ಅತ್ತಿತೋ, ಮತ್ತೆ ಮೊದಲಿನಿಂದ ಎಣಿಸಬೇಕು.

ಕೌದಿ ಹಾಗಲ್ಲ. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ಚೂರುಗಳನ್ನಿಟ್ಟು, ಸಾಲಾಗಿ ಸಾದಾ ಹೊಲಿಗೆ ಹಾಕುತ್ತ ಹೋಗುವುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ. ಎಲ್ಲಿ ಬೇಕಾದರೂ ಸೂಜಿ ಚುಚ್ಚಿ ನಿಲ್ಲಿಸಬಹುದು, ನಾಳೆ ಅಲ್ಲಿಂದಲೇ ಹಿಡಿಯಬಹುದು. ಹೊಲಿಗೆ ಸೊಟ್ಟಗಾದರೆ ಅದೂ ಒಂದು ಚೆಂದ. ಅಜ್ಜಿ ಒಂದು ಮೂಲೆ, ಚಿಕ್ಕಮ್ಮ ಒಂದು ಮೂಲೆ ಹಿಡಿದರೆ ಕೆಲಸವೂ ಓಡುತ್ತದೆ. ಕ್ರೋಶಾದಲ್ಲಿ ಒಂದೇ ಕುಣಿಕೆ ಬಿಟ್ಟೇಳುವುದರಿಂದ ಕಷ್ಟವಿಲ್ಲ. ಎರಡು ಕಡ್ಡಿಯ ಹೆಣಿಗೆಯಲ್ಲಿ ಕಡ್ಡಿ ಜಾರಿದರೆ ಸಾಲು ಸಾಲೇ ಬಿಚ್ಚಿಹೋಗುತ್ತದೆ. ಬಿಸಿ ಅಂಟಿನ ಗನ್, ರೆಸಿನ್, ಒಣಗುವವರೆಗೆ ಕಾಯಬೇಕಾದ ಬಣ್ಣ, ಇವು ನಡುವೆ ಬಿಡಲಾಗದವು ಮಾತ್ರವಲ್ಲ, ಅಂಬೆಗಾಲಿಡುವ ಮಗುವಿರುವ ಮನೆಗೆ ಬೇಡವೇ ಬೇಡ. ಫೆವಿಕ್ವಿಕ್‌ನಂಥ ಅಂಟು ಹತ್ತಿ ಬಟ್ಟೆಗೆ ಚೆಲ್ಲಿದರೆ ಮೈ ಸುಡುವಷ್ಟು ಬಿಸಿಯಾಗುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಮಗು ಸುಮ್ಮಸುಮ್ಮನೆ ಅಳುತ್ತಿದೆಯೇ? ಕಾಲ್ಬೆರಳು ನೋಡಿ

ಇಡೀ ಲೇಖನದಲ್ಲಿ ಒಂದೇ ಭಾಗ ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.

ಕೈಯಲ್ಲಿ ಹೆಣೆದ ಕಾಲುಚೀಲ, ಕೈಗವಸುಗಳ ಒಳಗೆ ಸಡಿಲ ಎಳೆಗಳು ಉಳಿದಿರುತ್ತವೆ. ಮಗು ಕೈಕಾಲು ಆಡಿಸುವಾಗ ಅಂಥ ಒಂದು ಎಳೆ ಬೆರಳಿಗೆ ಸುತ್ತಿಕೊಂಡು ಬಿಗಿಯುತ್ತದೆ. ಬೆರಳು ಊದುತ್ತದೆ, ಊದಿದಷ್ಟೂ ಎಳೆ ಒಳಕ್ಕೆ ಕೊರೆಯುತ್ತದೆ, ರಕ್ತ ಓಡಾಟ ನಿಲ್ಲುತ್ತದೆ. ತಾಯಿಯ ತಲೆಗೂದಲೂ ಇದೇ ಕೆಲಸ ಮಾಡುತ್ತದೆ. ಹೆರಿಗೆಯಾದ ಎರಡು ಮೂರು ತಿಂಗಳಿಗೆ ತಾಯಿಗೆ ಕೂದಲು ಹೆಚ್ಚು ಉದುರುವುದು ಸಹಜ, ಆ ಕೂದಲು ಕಾಲುಚೀಲದೊಳಗೆ ಸೇರಿಕೊಳ್ಳುತ್ತದೆ. ಮಗು ಒಂದೇ ಸಮನೆ ಕಿರುಚುತ್ತದೆ. ಹಾಲು ಕೊಟ್ಟಾಯಿತು, ಬಟ್ಟೆ ಬದಲಿಸಿದ್ದಾಯಿತು, ಆಮೇಲೆ ದೃಷ್ಟಿ ತೆಗೆಯುವುದೂ ಆಗುತ್ತದೆ. ದೃಷ್ಟಿ ತೆಗೆಯುವ ಮುನ್ನ ಚೀಲ ಬಿಚ್ಚಿ ಹತ್ತೂ ಕಾಲ್ಬೆರಳು, ಹತ್ತೂ ಕೈಬೆರಳು, ಗಂಡುಮಗುವಾದರೆ ಜನನಾಂಗವನ್ನೂ ಬೆಳಕಿನಲ್ಲಿ ನೋಡಿ. ಎಳೆಯ ತುದಿ ಕಂಡು ಸುಲಭವಾಗಿ ಬಿಚ್ಚಿದರೆ ಸರಿ. ಚರ್ಮದೊಳಗೆ ಹೂತಿದ್ದರೆ, ಅಥವಾ ಬಿಚ್ಚಿದ ಮೇಲೂ ಬೆರಳು ಕೆಂಪಾಗಿ, ನೀಲಿಯಾಗಿ ಊದಿಕೊಂಡೇ ಇದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಿ. ಬೆರಳೇ ಹೋಗಬಹುದು.

ಹೆಣೆದದ್ದನ್ನು ತೊಡಿಸುವ ಮೊದಲು ಒಳಹೊರಗು ಮಾಡಿ ಎಳೆಗಳನ್ನು ಕತ್ತರಿಸಿ. ಕೈಗವಸಿನ ಬದಲು ಉಗುರು ಕತ್ತರಿಸುವುದೇ ಮೇಲು. ತೊಟ್ಟಿಲಿಗೆ ದಾರದಲ್ಲಿ ತೂಗುಬಿಟ್ಟ ಗಿಳಿ, ಚೆಂಡುಗಳನ್ನು ಮಗು ಕೈಯೂರಿ ಎದೆ ಎತ್ತಲು ಶುರುಮಾಡಿದ ಕೂಡಲೇ ಬಿಚ್ಚಿಡಿ.

ರಾಗಿ ದಿಂಬು ಮತ್ತು ಕೌದಿ

ತಲೆ ದುಂಡಗಾಗಲಿ ಎಂದು ರಾಗಿ ಅಥವಾ ಸಾಸಿವೆ ತುಂಬಿದ ದಿಂಬು ಹೊಲಿಯುವುದು ನಮ್ಮಲ್ಲಿ ರೂಢಿ. ಮನೆಯಲ್ಲಿ ಅಕ್ಕರೆಯಿಂದ ಮಾಡಿದ್ದು, ರಾಸಾಯನಿಕ ಏನೂ ಇಲ್ಲ. ಆದರೂ ಮಗು ನಿದ್ದೆ ಮಾಡುವಾಗ ಅದು ಬೇಡ. ತಲೆಯ ಆಕಾರ ತಿದ್ದುವ ದಿಂಬುಗಳನ್ನು ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2022ರ ನವೆಂಬರ್‌ನಲ್ಲಿ ಎಚ್ಚರಿಸಿತು. ಅವುಗಳಿಂದ ಪ್ರಯೋಜನವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ, ಉಸಿರುಗಟ್ಟುವ ಅಪಾಯ ಮಾತ್ರ ಇದೆ. ಹೊಲಿಗೆ ಬಿಟ್ಟರೆ ಕಾಳು ಮೂಗಿಗೆ ಹೋಗುವುದು ಇನ್ನೊಂದು ಕಷ್ಟ. ಮಲಗಿ ಮಲಗಿ ಚಪ್ಪಟೆಯಾದ ತಲೆ, ಮಗು ಕುಳಿತುಕೊಳ್ಳುವ ಹೊತ್ತಿಗೆ ಹೆಚ್ಚಾಗಿ ಸರಿಹೋಗುತ್ತದೆ. ಮಗು ಯಾವಾಗಲೂ ಒಂದೇ ಕಡೆಗೆ ಕತ್ತು ವಾಲಿಸುತ್ತಿದ್ದರೆ ವೈದ್ಯರಿಗೆ ತೋರಿಸಿ.

ಒಂದು ವರ್ಷದೊಳಗಿನ ಮಗು ಮಲಗಿದಾಗ ಕೌದಿಯನ್ನು ಸಡಿಲವಾಗಿ ಹೊದಿಸುವುದೂ ಸರಿಯಲ್ಲ, ಮುಖದ ಮೇಲೆ ಸರಿಯಬಹುದು. ಹಾಗಾದರೆ ಹೊಲಿದ ಕೌದಿ ವ್ಯರ್ಥವೇ? ಇಲ್ಲ. ನೆಲಕ್ಕೆ ಹಾಸಿ, ಎಚ್ಚರವಿದ್ದಾಗ ಮಗುವನ್ನು ಬೋರಲು ಹಾಕಿ ಆಡಿಸಿ. ಕತ್ತು ಗಟ್ಟಿಯಾಗುವುದಕ್ಕೂ ತಲೆ ಚಪ್ಪಟೆಯಾಗದಿರುವುದಕ್ಕೂ ಅದೇ ಒಳ್ಳೆಯದು.

ಮಗುವಿಗೆ ಮೂರು ವರ್ಷ ತುಂಬುವವರೆಗೆ ಮಣಿ, ಗುಂಡಿ, ಸೂಜಿ ಡಬ್ಬಿಗೆ ಬೀಗ ಇರಲಿ. ಆಟಿಕೆಯ ಬಿಡಿಭಾಗ ಚಿಕ್ಕದೇ ಎಂದು ಪರೀಕ್ಷಿಸಲು ಬಳಸುವ ಕೊಳವೆಯ ವ್ಯಾಸ 31.7 ಮಿ.ಮೀ. ಅದರೊಳಗೆ ಪೂರ್ತಿ ಮುಳುಗುವ ವಸ್ತು ಮಗುವಿನ ಗಂಟಲಲ್ಲಿ ಸಿಗಬಲ್ಲದು. 27 ಮಿ.ಮೀ.ಯ ಹತ್ತು ರೂಪಾಯಿ ನಾಣ್ಯವೂ ಅದರಲ್ಲಿ ಮುಳುಗುತ್ತದೆ. ಮಿಣುಕುವ ದೀಪದ ಕೈಕೆಲಸಗಳಲ್ಲಿರುವ ಗುಂಡಿ ಬ್ಯಾಟರಿ ಇನ್ನೂ ಅಪಾಯಕಾರಿ, ನುಂಗಿದ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಆಸ್ಪತ್ರೆಗೆ ಹೊರಡಿ. ನೀರಿನಲ್ಲಿ ಉಬ್ಬುವ ಬಣ್ಣದ ಜೆಲ್ ಮಣಿಗಳು ಹೊಟ್ಟೆಯೊಳಗೂ ಉಬ್ಬುತ್ತವೆ, ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

"ಮಾಲೆ ಪೋಣಿಸಿ, ತಿಂಗಳಿಗೆ 30,000"

ಇನ್ನು ದುಡ್ಡಿನ ಮಾತು. ದಿನಕ್ಕೆ 20 ನಿಮಿಷದಂತೆ ವಾರಕ್ಕೆ ಆರು ದಿನ ಸಿಕ್ಕರೆ ಎರಡು ಗಂಟೆ. ನಾಲ್ಕು ಗಂಟೆ ಹಿಡಿಯುವ ಒಂದು ಕುಲಾವಿಗೆ ಎರಡು ವಾರ ಬೇಕು. ಇದರಲ್ಲಿ ತಿಂಗಳಿಗೆ 30,000 ಬರುವ ಲೆಕ್ಕ ಯಾವ ಗಣಿತದಲ್ಲೂ ಇಲ್ಲ. ಆದರೂ ಮಣಿ ಪೋಣಿಸುವ, ಪೆನ್ಸಿಲ್ ಪ್ಯಾಕ್ ಮಾಡುವ ಕೆಲಸದ ಸಂದೇಶಗಳು ಮನೆಯಲ್ಲೇ ಇರಬೇಕಾದ ತಾಯಂದಿರನ್ನೇ ಹುಡುಕಿಕೊಂಡು ಬರುತ್ತವೆ. ಮೊದಲು ನೋಂದಣಿ ಶುಲ್ಕವೆಂದು ಕೆಲವೇ ನೂರು ರೂಪಾಯಿ. ಆಮೇಲೆ ಐಡಿ ಕಾರ್ಡಿಗೆ, ಕೊರಿಯರಿಗೆ, ಜಿಎಸ್‌ಟಿಗೆ. ಕೊನೆಗೆ "ಒಪ್ಪಂದ ಮುರಿದಿದ್ದೀರಿ, ಕೇಸ್ ಹಾಕುತ್ತೇವೆ" ಎಂಬ ಬೆದರಿಕೆ. ಕೆಲಸ ಕೊಡುವವರು ದುಡ್ಡು ಕೊಡಬೇಕೇ ಹೊರತು ಕೇಳಬಾರದು. ಹಣ ಕಳಿಸಿಬಿಟ್ಟಿದ್ದರೆ ಬ್ಯಾಂಕಿಗೆ ತಿಳಿಸಿ, ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಬೆದರಿಕೆಯ ಸಂದೇಶಗಳನ್ನು ಅಳಿಸಬೇಡಿ, ದೂರಿಗೆ ಅವೇ ಸಾಕ್ಷಿ.