ನಕ್ಷೆಯೂ ಸ್ಮಾರಕವೇ

ಹಂಪಿಯ ವಿಠ್ಠಲ ದೇವಾಲಯದ ಪ್ರಾಕಾರದೊಳಗೆ ನಿಂತಿರುವ ಕಲ್ಲಿನ ರಥವನ್ನು ಕಂಡರಿಯದ ಕನ್ನಡಿಗರು ವಿರಳ. ಪಠ್ಯಪುಸ್ತಕಗಳ ಮೂಲಕ, ಗೋಡೆಯ ಕ್ಯಾಲೆಂಡರುಗಳ ಮೂಲಕ, 2017ರಿಂದ ಈಚೆಗೆ ಐವತ್ತು ರೂಪಾಯಿಯ ನೋಟಿನ ಮೂಲಕವೂ ನಮ್ಮೆಲ್ಲರ ಕಣ್ಣಿಗೆ ಪರಿಚಿತವಾಗಿರುವ ಆ ಆಕೃತಿಯೇ ಅದರ ಮೂಲರೂಪವೆಂದು ನಾವು ಸಹಜವಾಗಿ ನಂಬಿದ್ದೇವೆ. ಆದರೆ ಮದ್ರಾಸು ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು 1856ರಲ್ಲಿ ತೆಗೆದ ಛಾಯಾಚಿತ್ರವನ್ನು ನೋಡಿದವರಿಗೆ ಆ ನಂಬಿಕೆ ಉಳಿಯಲಾರದು. ಅದರಲ್ಲಿ ರಥದ ಕಲ್ಲಿನ ಮೈಯ ಮೇಲೆ ಇಟ್ಟಿಗೆಯಿಂದ ಕಟ್ಟಿದ ಶಿಖರವೊಂದು, ಜೀರ್ಣವಾಗಿದ್ದರೂ, ಸ್ಪಷ್ಟವಾಗಿ ಎದ್ದು ನಿಂತಿದೆ. ಇಂದು ಆ ಶಿಖರವು ಸ್ಥಳದಲ್ಲಿಲ್ಲ. ರಥವು ಗರುಡನ ಗುಡಿಯೆಂಬುದನ್ನೂ, ಗುಡಿಗೆ ಶಿಖರವಿರುವುದು ಉಚಿತವೆಂಬುದನ್ನೂ ಬಲ್ಲವರು ಅದನ್ನು ಊಹಿಸಬಹುದಾಗಿತ್ತು. ಊಹೆಯನ್ನು ಸಾಕ್ಷ್ಯವಾಗಿ ಮಾರ್ಪಡಿಸಿದ್ದು ಮಾತ್ರ ಮೇಣ ಹಚ್ಚಿದ ಒಂದು ಹಾಳೆ ಕಾಗದ.

ಆ ಕಾಗದದ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯಕ. ಕಾಗದಕ್ಕೆ ಮೊದಲೇ ಮೇಣವನ್ನು ಉಣಿಸಿ, ಬಳಿಕ ಬೆಳ್ಳಿಯ ಲವಣಗಳಿಂದ ಅದನ್ನು ಬೆಳಕಿಗೆ ಸ್ಪಂದಿಸುವಂತೆ ಮಾಡುವ ಕ್ರಮವನ್ನು ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1851ರಲ್ಲಿ ಪ್ರಕಟಪಡಿಸಿದನು. ಹಾಳೆಗಳನ್ನು ಕೆಲವು ದಿನಗಳ ಮುಂಚೆಯೇ ಸಿದ್ಧಪಡಿಸಿ ಇಟ್ಟುಕೊಳ್ಳಬಹುದಾಗಿದ್ದುದರಿಂದ, ಬಿಸಿಲಿನ ದೇಶದಲ್ಲಿ ಎತ್ತಿನ ಗಾಡಿಯ ಪ್ರಯಾಣ ಮಾಡುವವನಿಗೆ ಅದಕ್ಕಿಂತ ಅನುಕೂಲವಾದ ವಿಧಾನ ಆಗ ಬೇರೊಂದಿರಲಿಲ್ಲ. ಒಂದೊಂದು ಚಿತ್ರಕ್ಕೂ ಕ್ಯಾಮೆರಾದ ಕಣ್ಣನ್ನು ನಿಮಿಷಗಟ್ಟಲೆ ತೆರೆದಿಡಬೇಕಾಗಿದ್ದ ಆ ದಿನಗಳಲ್ಲಿ ಗ್ರೀನ್‌ಲಾ ಹಂಪಿಯ ಬಂಡೆಗಳ ನಡುವೆ ಭಾರವಾದ ಪೆಟ್ಟಿಗೆಯನ್ನು ಹೊರಿಸಿಕೊಂಡು ಸುತ್ತಾಡಿ ಸುಮಾರು 60 ದೊಡ್ಡ ನೆಗೆಟಿವ್‌ಗಳನ್ನು ಸಂಪಾದಿಸಿದನು. ಅನಂತರ ಅವು ಇಂಗ್ಲೆಂಡಿನಲ್ಲಿ ಖಾಸಗಿಯವರ ವಶದಲ್ಲಿ ಒಂದು ಶತಮಾನಕ್ಕೂ ಮಿಕ್ಕಿದ ಕಾಲ ಅಜ್ಞಾತವಾಗಿದ್ದು, 1980ರಲ್ಲಿ ವಿದ್ವಾಂಸರ ಗಮನಕ್ಕೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್, ಗ್ರೀನ್‌ಲಾ ನಿಂತಿದ್ದ ಸ್ಥಾನಗಳನ್ನೇ ಹುಡುಕಿ ಅಲ್ಲಿಯೇ ತನ್ನ ಕ್ಯಾಮೆರಾವನ್ನು ಇರಿಸಿ ಅವೇ ದೃಶ್ಯಗಳನ್ನು ಮತ್ತೆ ತೆಗೆದನು. ಎರಡನ್ನೂ ಅಕ್ಕಪಕ್ಕದಲ್ಲಿ ಇರಿಸಿ ನೋಡಿದಾಗ ಯಾವ ಕಂಬ ಬಿದ್ದಿದೆ, ಯಾವ ಸೂರು ಕಳಚಿದೆ, ಯಾವುದನ್ನು ದುರಸ್ತಿಯ ಹೆಸರಿನಲ್ಲಿ ಬದಲಿಸಲಾಗಿದೆ ಎಂಬ ಲೆಕ್ಕವೆಲ್ಲ ಕಣ್ಣಿಗೆ ಕಟ್ಟುವಂತೆ ದೊರೆಯುವುದು. ಆ ನೆಗೆಟಿವ್‌ಗಳು ಅಲ್ಕಾಜಿ ಸಂಗ್ರಹವನ್ನು ಸೇರಿ ರಕ್ಷಿತವಾದುದು ನಮ್ಮ ಭಾಗ್ಯ. ಆದರೆ ಒಂದು ರಾಜಧಾನಿಯ ಸ್ಮೃತಿಯು ಯಾರದೋ ಮನೆಯ ಪೆಟ್ಟಿಗೆಯಲ್ಲಿ ಅಕಸ್ಮಾತ್ತಾಗಿ ಉಳಿದುಕೊಳ್ಳಬೇಕಾಯಿತೆಂಬುದು ಹೆಮ್ಮೆಪಡುವ ಸಂಗತಿಯಲ್ಲ.

ಕಟ್ಟಡದ ರಕ್ಷಣೆಯೆಂದರೆ ಕಲ್ಲು ಗಾರೆಗಳ ರಕ್ಷಣೆ ಮಾತ್ರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ದೇವಾಲಯದ ಸುತ್ತ ತಂತಿಬೇಲಿ ಹಾಕಿ, ನೀಲಿ ಫಲಕವೊಂದನ್ನು ನೆಟ್ಟರೆ ಕರ್ತವ್ಯ ಮುಗಿಯಿತೆಂದು ತಿಳಿಯುವವರು, ಅದೇ ದೇವಾಲಯದ ಅಳತೆಯ ನಕ್ಷೆಯನ್ನೂ ನೂರು ವರ್ಷದ ಹಿಂದಿನ ಛಾಯಾಚಿತ್ರವನ್ನೂ ಸ್ಮಾರಕವೆಂದು ಎಣಿಸುವುದಿಲ್ಲ. ಅವು ಕಟ್ಟಡದ ಅಂಗಗಳೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಳೇಬೀಡಿನ ಕೇದಾರೇಶ್ವರ ದೇವಾಲಯವನ್ನು ನೋಡಿ: ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅದರ ಶಿಖರವು ಇನ್ನೂ ನಿಂತಿತ್ತು, ಅದರ ಸಂದುಗಳಲ್ಲಿ ಬೇರುಬಿಟ್ಟ ಮರವು ಕಲ್ಲುಗಳನ್ನು ಒಂದರಿಂದೊಂದು ಬಿಡಿಸುತ್ತಿದ್ದುದನ್ನು ಅಂದಿನವರು ಕಂಡು ಮರುಗಿದರು, ಚಿತ್ರವನ್ನೂ ತೆಗೆದರು, ಮರವನ್ನು ಮಾತ್ರ ಸಕಾಲದಲ್ಲಿ ಕಡಿಯಲಿಲ್ಲ. ಶಿಖರ ಉರುಳಿತು. ಇಂದು ಅಲ್ಲಿಗೆ ಹೋದ ಯಾತ್ರಿಕನಿಗೆ ಮೊಟಕಾದ ಮೈಯೊಂದು ಕಾಣುವುದು. ಹೊಯ್ಸಳ ಶಿಲ್ಪಿಯು ಮುಗಿಲಿಗೆ ಎತ್ತಿದ್ದ ಪೂರ್ಣಾಕೃತಿಯು ಉಳಿದಿರುವುದು ಆ ಹಳೆಯ ಚಿತ್ರಗಳಲ್ಲಿಯೇ. ಮೈಸೂರಿನ ಹಳೆಯ ಮರದ ಅರಮನೆಯ ಕಥೆಯೂ ಹೀಗೆಯೇ. 1897ರಲ್ಲಿ ರಾಜಕುಮಾರಿಯ ವಿವಾಹ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾದ ಆ ಅರಮನೆಯ ಕೆತ್ತನೆಯ ಕಂಬಗಳೂ ಮುಂಭಾಗದ ವರ್ಣವೈಭವವೂ ಹೇಗಿದ್ದುವೆಂಬುದನ್ನು, ಹೆನ್ರಿ ಇರ್ವಿನ್ ರೂಪಿಸಿ 1912ರಲ್ಲಿ ಪೂರ್ಣಗೊಂಡ ಈಗಿನ ಅರಮನೆಯ ಎದುರು ನಿಂತು ಊಹಿಸಲು ಸಾಧ್ಯವಿಲ್ಲ; ಅದಕ್ಕೆ ಹಳೆಯ ಛಾಯಾಚಿತ್ರಗಳೇ ಶರಣು.

ಛಾಯಾಚಿತ್ರವು ಕಣ್ಣಿಗೆ ಕಂಡುದನ್ನು ಹೇಳಿದರೆ ನಕ್ಷೆಯು ಕಾಣದುದನ್ನೂ ಹೇಳುತ್ತದೆ. ವಿಜಾಪುರದ ಗೋಲಗುಂಬಜದ ಎದುರು ನಿಂತವನಿಗೆ ಅದರ ಗಾತ್ರವು ಬೆರಗನ್ನು ಹುಟ್ಟಿಸುವುದೇ ಹೊರತು, 18,000 ಚದರ ಅಡಿಗೂ ಮೀರಿದ ನೆಲವನ್ನು ನಡುವೆ ಒಂದು ಕಂಬವೂ ಇಲ್ಲದೆ ಮುಚ್ಚಿರುವ ಆ ಗುಮ್ಮಟವು ಏಕೆ ಕುಸಿಯದೆ ನಿಂತಿದೆಯೆಂಬುದು ತಿಳಿಯದು. ಕಟ್ಟಡವನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದಂತೆ ತೋರಿಸುವ ಛೇದನಕ್ಷೆಯನ್ನು ಬಿಡಿಸಿಟ್ಟಾಗ, ಒಂದನ್ನೊಂದು ಹಾದುಹೋಗುವ ಕಮಾನುಗಳು ಚೌಕವನ್ನು ಹೇಗೆ ಕ್ರಮಕ್ರಮವಾಗಿ ವೃತ್ತಕ್ಕೆ ತರುತ್ತವೆ, ಒಳಕ್ಕೆ ಚಾಚಿದ ಅವುಗಳ ಭಾರವು ಹೊರಕ್ಕೆ ತಳ್ಳುವ ಗುಮ್ಮಟದ ಒತ್ತಡವನ್ನು ಹೇಗೆ ತಡೆಹಿಡಿಯುತ್ತದೆ ಎಂಬ ಮರ್ಮವು ತಿಳಿಯಾಗುವುದು. ಇಂತಹ ನಕ್ಷೆಗಳನ್ನೂ ಛಾಯಾಚಿತ್ರಗಳನ್ನೂ ಒಳಗೊಂಡ, ವಿಜಾಪುರದ ವಾಸ್ತುಶಿಲ್ಪವನ್ನು ಕುರಿತ ಭವ್ಯ ಸಂಪುಟವೊಂದು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದೇ ವರ್ಷ ಧಾರವಾಡ ಮತ್ತು ಮೈಸೂರು ಸೀಮೆಗಳ ದೇವಾಲಯಗಳನ್ನು ಕುರಿತ ಸೋದರ ಸಂಪುಟವೂ ಹೊರಬಿತ್ತು. ಜೇಮ್ಸ್ ಫರ್ಗುಸನ್ನನ ಜತೆಯಲ್ಲಿ ಅವುಗಳಿಗೆ ಬರೆಹ ಒದಗಿಸಿದ ಮೆಡೋಸ್ ಟೇಲರ್ ನಮ್ಮ ಸುರಪುರದಲ್ಲಿ ಆಡಳಿತ ನಡೆಸಿ ಆ ನಾಡಿನ ಜನರ ಮಮತೆಗೆ ಪಾತ್ರನಾಗಿದ್ದವನು.

ವಿಜಾಪುರದ ಆ ಸಂಪುಟದ ಮುಖಪುಟದಲ್ಲಿ ಒಂದು ವಿಷಯ ನನ್ನ ಮನಸ್ಸನ್ನು ಬಹುವಾಗಿ ಕಲಕಿದೆ. ನಕ್ಷೆಗಳನ್ನು ಬರೆದವರೆಂದು ಕ್ಯಾಪ್ಟನ್ ಹಾರ್ಟ್, ಕಮಿಂಗ್ ಎಂಬ ಇಬ್ಬರು ಅಧಿಕಾರಿಗಳ ಹೆಸರುಗಳನ್ನು ಕೊಟ್ಟು, ಅವರ ಬೆನ್ನಿಗೆ ದೇಶೀಯ ನಕ್ಷೆಗಾರರು ಎಂದಷ್ಟೇ ನಮೂದಿಸಿದೆ. ಅವರು ಯಾರು, ಯಾವ ಊರಿನವರು, ಆ ಸೂಕ್ಷ್ಮ ರೇಖಾವಿದ್ಯೆಯನ್ನು ಯಾರಿಂದ ಕಲಿತರು? ಕುಂಚವನ್ನು ಕೂದಲೆಳೆಯಷ್ಟು ತೆಳುವಾಗಿ ಎಳೆದು ಕಮಾನಿನ ಕೆತ್ತನೆಯನ್ನು ಕಾಗದಕ್ಕೆ ಇಳಿಸಿದ ಆ ಕೈಗಳ ಒಡೆಯರಿಗೆ ಮುಖಪುಟದಲ್ಲಿ ಹೆಸರಿಲ್ಲ. ನಕ್ಷೆಯ ವಿದ್ಯೆ ವಿದೇಶೀಯರು ತಂದದ್ದೆಂದು ತಿಳಿಯುವುದೂ ತಪ್ಪು. ಮಧ್ಯಪ್ರದೇಶದ ಭೋಜಪುರದಲ್ಲಿ, ಪೂರ್ಣಗೊಳ್ಳದೆ ನಿಂತ ಶಿವಾಲಯದ ಸಮೀಪದ ಬಂಡೆಗಳ ಮೇಲೆ ಕಂಬ, ಶಿಖರಗಳ ಕಟ್ಟುವ ನಕ್ಷೆಗಳನ್ನು ಹನ್ನೊಂದನೆಯ ಶತಮಾನದ ಸ್ಥಪತಿಗಳು ಕೊರೆದಿಟ್ಟಿರುವುದನ್ನು ಇಂದಿಗೂ ನೋಡಬಹುದು. ಬರೆದವರ ಪರಂಪರೆ ನಮ್ಮದು. ಬರೆದುದನ್ನು ಕಾಯ್ದಿಡುವ ಪರಂಪರೆಯನ್ನು ಮಾತ್ರ ನಾವು ಬೆಳೆಸಲಿಲ್ಲ.

ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಗೆ ಈ ಮಾತಿನಿಂದ ವಿನಾಯಿತಿ ಕೊಡಬೇಕಾದುದು ನ್ಯಾಯ. ರಾ. ನರಸಿಂಹಾಚಾರ್ಯರು ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು 1917ರಲ್ಲಿಯೂ, ಬೇಲೂರು ಮತ್ತು ದೊಡ್ಡಗದ್ದವಳ್ಳಿಗಳನ್ನು ಕುರಿತು 1919ರಲ್ಲಿಯೂ ಪ್ರಕಟಿಸಿದ ಕಿರುಹೊತ್ತಗೆಗಳು, ಎಂ. ಎಚ್. ಕೃಷ್ಣ ಅವರ ಕಾಲದ ವಾರ್ಷಿಕ ವರದಿಗಳಲ್ಲಿನ ತಲವಿನ್ಯಾಸಗಳು ಮತ್ತು ಚಿತ್ರಫಲಕಗಳು ಇಂದಿಗೂ ವಿದ್ವಾಂಸರ ಆಧಾರಗಳಾಗಿವೆ. ಒಂದು ಸಂಸ್ಥಾನವು ಅಷ್ಟನ್ನು ಮಾಡಲು ಶಕ್ತವಾಗಿದ್ದರೆ, ಅದಕ್ಕಿಂತ ಎಷ್ಟೋ ಪಾಲು ಸಂಪನ್ನವಾದ ಇಂದಿನ ರಾಜ್ಯವು ಆ ಕಾರ್ಯವನ್ನು ಮುಂದುವರಿಸದೆ ಇರುವುದಕ್ಕೆ ಬಡತನವನ್ನು ಕಾರಣವಾಗಿ ಹೇಳುವಂತಿಲ್ಲ.

ಇದು ಕೇವಲ ವಿದ್ವಾಂಸರ ಚಿಂತೆಯೂ ಅಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದುವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. ಅಂದಿನಿಂದ ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಇಂತಹ ವಾದದಲ್ಲಿ ಮೊದಲು ಮೇಜಿನ ಮೇಲೆ ಬರಬೇಕಾದುದು ಕಟ್ಟಿದಾಗಿನ ನಕ್ಷೆ: ಅಡಿಪಾಯ ಎಷ್ಟು ಆಳ, ಗೋಡೆ ಎಷ್ಟು ದಪ್ಪ, ತೊಲೆಗಳು ಎಲ್ಲಿಂದ ಎಲ್ಲಿಗೆ, ಸುಣ್ಣದ ಗಾರೆಯೋ ಸಿಮೆಂಟೋ, ಯಾವ ಯಾವ ಇಸವಿಯಲ್ಲಿ ಏನೇನು ಸೇರಿಸಲಾಯಿತು. ಅವು ಇದ್ದಲ್ಲಿ ಇಂಜಿನಿಯರು ಗೋಡೆಯನ್ನು ಒಡೆದು ನೋಡದೆಯೇ ಅರ್ಧ ರೋಗವನ್ನು ತಿಳಿಯಬಲ್ಲನು. ಇಲ್ಲದಲ್ಲಿ ಅನುಮಾನವು ಕೆಡಹುವವರ ಪಕ್ಷಕ್ಕೇ ಬಲ ಕೊಡುವುದು.

ಪೂರ್ವಸಿದ್ಧತೆಯಿಂದ ಏನನ್ನು ಸಾಧಿಸಬಹುದೆಂಬುದಕ್ಕೆ ಪೋಲೆಂಡಿನ ರಾಜಧಾನಿ ವಾರ್ಸಾಕ್ಕಿಂತ ಮಿಗಿಲಾದ ನಿದರ್ಶನವನ್ನು ನಾನು ಕಾಣೆ. ಎರಡನೆಯ ಮಹಾಯುದ್ಧಕ್ಕೆ ಮುನ್ನ ಅಲ್ಲಿಯ ಪಾಲಿಟೆಕ್ನಿಕ್ಕಿನ ವಾಸ್ತುವಿಭಾಗದ ಅಧ್ಯಾಪಕರೂ ವಿದ್ಯಾರ್ಥಿಗಳೂ ಹಳೆಯ ನಗರದ ಮನೆ, ಚರ್ಚುಗಳನ್ನು ಅಳೆದು ನಕ್ಷೆಗಳನ್ನು ಬರೆದಿಟ್ಟಿದ್ದರು. 1944ರ ದಂಗೆಯನ್ನು ಅಡಗಿಸಿದ ಜರ್ಮನ್ ಸೈನ್ಯವು ನಗರವನ್ನು ಬೀದಿಬೀದಿಯಾಗಿ ನೆಲಸಮಮಾಡುತ್ತಿದ್ದಾಗ, ಆ ನಕ್ಷೆಗಳನ್ನು ಪ್ರಾಣದ ಹಂಗು ತೊರೆದು ಹೊರಕ್ಕೆ ಸಾಗಿಸಿ ಪ್ಯೋತ್ರ್ಕೂಫ್ ಪಟ್ಟಣದ ಕ್ರೈಸ್ತಮಠವೊಂದರಲ್ಲಿ ಅಡಗಿಸಿಟ್ಟರು. ಯುದ್ಧಾನಂತರ ಆ ನಕ್ಷೆಗಳು, ಹಳೆಯ ಛಾಯಾಚಿತ್ರಗಳು, ಹದಿನೆಂಟನೆಯ ಶತಮಾನದ ಚಿತ್ರಕಾರ ಬೆಲ್ಲೊತ್ತೊ ಬರೆದ ನಗರದೃಶ್ಯಗಳು, ಇವುಗಳ ಆಧಾರದ ಮೇಲೆ ಹಳೆಯ ನಗರವನ್ನು ಮತ್ತೆ ಕಟ್ಟಿದರು. 1980ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆ ಪುನರ್ನಿರ್ಮಾಣ ಕಚೇರಿಯ ಕಡತಗಳಿಗೂ 2011ರಲ್ಲಿ ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಕಟ್ಟಡಕ್ಕೊಂದು ಗೌರವ, ಕಾಗದಕ್ಕೊಂದು ಗೌರವ: ಈ ಸಮಾನಭಾವವನ್ನೇ ನಾನು ನಮ್ಮ ನಾಡಿಗೂ ಬೇಡುತ್ತಿರುವುದು.

ಕಾಗದವೆಂದು ಒಟ್ಟಿಗೆ ಹೇಳಿದರೂ ಒಂದೊಂದರ ಪ್ರಕೃತಿ ಬೇರೆ ಬೇರೆ. ಹಳೆಯ ಇಂಜಿನಿಯರುಗಳು ಬಳಸುತ್ತಿದ್ದ ಟ್ರೇಸಿಂಗ್ ಬಟ್ಟೆಗೆ ಗಂಜಿ ಹಾಕಿರುವುದರಿಂದ ಅದು ನೀರಿಗೆ ಅಳುಕುವುದು, ಹುಳುಗಳಿಗೆ ಪ್ರಿಯವಾದುದು. ಬ್ಲೂಪ್ರಿಂಟಿನ ನೀಲಿಯು ಬೆಳಕಿಗೂ ಕ್ಷಾರಕ್ಕೂ ಮಾಸುವುದು. ಇತರ ಕಾಗದಗಳಿಗೆ ಹಿತವೆಂದು ಬಳಸುವ ಕ್ಷಾರಯುಕ್ತ ಹೊದಿಕೆಗಳೇ ಅದಕ್ಕೆ ಮಾರಕ. ಗಾಜಿನ ನೆಗೆಟಿವ್‌ಗಳು ಒಡೆಯುತ್ತವೆ, ತೇವದಲ್ಲಿ ಬೂಷ್ಟು ಹಿಡಿಯುತ್ತವೆ. ಹಳೆಯ ನೈಟ್ರೇಟ್ ಫಿಲ್ಮು ತಾನಾಗಿಯೇ ಕೊಳೆಯುವುದಲ್ಲದೆ ಸುಲಭವಾಗಿ ಹೊತ್ತಿಕೊಳ್ಳಬಲ್ಲುದು. ಇವೆಲ್ಲವನ್ನೂ ಒಂದೇ ಕಬ್ಬಿಣದ ಬೀರುವಿಗೆ ತುರುಕಿ ಬೀಗ ಹಾಕುವುದನ್ನು ರಕ್ಷಣೆಯೆನ್ನಲಾಗದು. ದೊಡ್ಡ ನಕ್ಷೆಗಳನ್ನು ಮಡಿಸದೆ ಅಗಲವಾದ ಸೆಳೆಖಾನೆಗಳಲ್ಲಿ ಚಪ್ಪಟೆಯಾಗಿ ಇರಿಸಬೇಕು. ಈ ವಿದ್ಯೆಯಲ್ಲಿ ತರಬೇತಿ ಪಡೆದವರನ್ನು ಖಾಯಂ ಆಗಿ ನೇಮಿಸಿಕೊಳ್ಳಬೇಕು.

ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸಿದರೆ ಸಾಕಲ್ಲವೆ ಎಂದು ಕೇಳುವವರಿದ್ದಾರೆ. ಸ್ಕ್ಯಾನ್ ಮಾಡುವುದು ಅತ್ಯವಶ್ಯಕ. ಹಳ್ಳಿಯ ಶಾಲೆಯ ಉಪಾಧ್ಯಾಯನೂ ತನ್ನೂರಿನ ಗುಡಿಯ ಹಳೆಯ ಚಿತ್ರವನ್ನು ನೋಡುವಂತಾಗಲು ಬೇರೆ ದಾರಿಯಿಲ್ಲ. ಆದರೆ ಕರ್ನಾಟಕದ ಅಸಂಖ್ಯಾತ ಹಳೆಯ ಚಿತ್ರಗಳಿರುವ ಬ್ರಿಟಿಷ್ ಲೈಬ್ರರಿಯ ಗಣಕವ್ಯವಸ್ಥೆಯ ಮೇಲೆ 2023ರ ಅಕ್ಟೋಬರಿನಲ್ಲಿ ಸೈಬರ್ ದಾಳಿ ನಡೆದು, ಅದರ ಡಿಜಿಟಲ್ ಸಂಗ್ರಹಗಳು ಬಹುಕಾಲ ಓದುಗರಿಗೆ ಎಟುಕದಾದುವು. ಪ್ರತಿಗಳು ಹಲವು ಕಡೆ ಇರಬೇಕು, ಮೂಲವೂ ಉಳಿಯಬೇಕು. ಒಂದನ್ನು ನೆಚ್ಚಿ ಮತ್ತೊಂದನ್ನು ಬಿಡುವಂತಿಲ್ಲ.

ಆದುದರಿಂದ ಸರ್ಕಾರವು ರಾಜ್ಯ ಪತ್ರಾಗಾರದ ಆಶ್ರಯದಲ್ಲಿ ಕಟ್ಟಡಗಳ ನಕ್ಷೆ ಮತ್ತು ಛಾಯಾಚಿತ್ರಗಳಿಗೇ ಮೀಸಲಾದ ಭಂಡಾರವೊಂದನ್ನು ಸ್ಥಾಪಿಸಬೇಕು. ಲೋಕೋಪಯೋಗಿ ಇಲಾಖೆ, ನಗರಪಾಲಿಕೆಗಳು, ಮುಜರಾಯಿ ಇಲಾಖೆ, ನೀರಾವರಿ ಕಚೇರಿಗಳಲ್ಲಿ ಇರುವ ಹಳೆಯ ನಕ್ಷೆಗಳನ್ನು ಮೊದಲು ಪಟ್ಟಿಮಾಡಿಸಬೇಕು. ಪಟ್ಟಿಯಾಗುವವರೆಗೆ ಒಂದು ಹಾಳೆಯನ್ನೂ ವಿಲೇವಾರಿ ಮಾಡಕೂಡದೆಂದು ಆಜ್ಞೆ ಹೊರಡಿಸಬೇಕು. ಹಳೆಯ ಸಾರ್ವಜನಿಕ ಕಟ್ಟಡವನ್ನು ಕೆಡಹುವ ಅಥವಾ ಬದಲಿಸುವ ಮೊದಲು ಅದರ ಅಳತೆಯ ನಕ್ಷೆ ಮತ್ತು ಚಿತ್ರಗಳನ್ನು ಈ ಭಂಡಾರಕ್ಕೆ ಒಪ್ಪಿಸುವುದು ಕಡ್ಡಾಯವಾಗಬೇಕು. ಅಮೆರಿಕವು 1933ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುವೆಯೇ, ಕೆಲಸವಿಲ್ಲದ ವಾಸ್ತುಶಿಲ್ಪಿಗಳಿಗೆ ಕೂಲಿ ಕೊಟ್ಟು ದೇಶದ ಐತಿಹಾಸಿಕ ಕಟ್ಟಡಗಳನ್ನು ಅಳೆಯಿಸಿ ನಕ್ಷೆಗಳನ್ನು ತನ್ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇರಿಸಿತು. ನಮ್ಮ ವಾಸ್ತುಶಿಲ್ಪ ಕಾಲೇಜುಗಳ ವಿದ್ಯಾರ್ಥಿಗಳು ಪಠ್ಯದ ಅಂಗವಾಗಿ ಹಳೆಯ ಕಟ್ಟಡಗಳನ್ನು ಅಳೆದು ಬರೆಯುವ ನಕ್ಷೆಗಳನ್ನು, ಬರೆದವರ ಹೆಸರುಗಳ ಸಮೇತವಾಗಿ, ಈ ಭಂಡಾರಕ್ಕೆ ತರಿಸಿಕೊಳ್ಳುವುದಕ್ಕೆ ದೊಡ್ಡ ವೆಚ್ಚವೇನೂ ತಗಲದು.

ಓದುಗರಲ್ಲಿಯೂ ಒಂದು ಬಿನ್ನಹವಿದೆ. ತಾತನವರು ಓವರ್‌ಸಿಯರೋ ಕಂಟ್ರಾಕ್ಟರೋ ಫೋಟೋ ಸ್ಟುಡಿಯೋ ನಡೆಸಿದವರೋ ಆಗಿದ್ದ ಮನೆಗಳ ಅಟ್ಟದಲ್ಲಿ ನಕ್ಷೆಯ ಸುರುಳಿಗಳೂ ಗಾಜಿನ ಫಲಕಗಳೂ ಇನ್ನೂ ಇರಬಹುದು. ಅವನ್ನು ರದ್ದಿಯವನಿಗೆ ಕೊಡಬೇಡಿ. ನೀರಿನಿಂದ ಒರೆಸಬೇಡಿ, ಸೆಲ್ಲೋಟೇಪು ಅಂಟಿಸಬೇಡಿ. ಯಾವ ಊರು, ಯಾವ ಕಟ್ಟಡ, ಯಾವ ಇಸವಿ, ಬರೆದವರು ಅಥವಾ ತೆಗೆದವರು ಯಾರು ಎಂಬುದನ್ನು ಮನೆಯ ಹಿರಿಯರು ಬದುಕಿರುವಾಗಲೇ ಕೇಳಿ, ಬೇರೊಂದು ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು ಜತೆಯಲ್ಲಿರಿಸಿ, ರಾಜ್ಯ ಪತ್ರಾಗಾರಕ್ಕೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತಿಳಿಸಿ.