ಅಂತಿಮ ದರ್ಶನದ ಗೌರವ ಯಾರಿಗೆ?

ಉನ್ನತ ಪದವಿಯಲ್ಲಿದ್ದವರು ಅಗಲಿದಾಗ ಅವರ ಪಾರ್ಥಿವ ಶರೀರವನ್ನು ಸಾರ್ವಜನಿಕ ದರ್ಶನಕ್ಕಿರಿಸುವ ಸಂಪ್ರದಾಯ ಅನೇಕ ದೇಶಗಳಲ್ಲಿದೆ. ಅಮೆರಿಕದ ವಾಷಿಂಗ್ಟನ್ನಿನಲ್ಲಿ ಕ್ಯಾಪಿಟಲ್ ಭವನದ ಗುಮ್ಮಟದಡಿ ಈ ಗೌರವ ಮೊದಲು ಸಂದುದು 1852ರಲ್ಲಿ, ಸೆನೆಟ್ ಸದಸ್ಯ ಹೆನ್ರಿ ಕ್ಲೇ ಅವರಿಗೆ. 1865ರಲ್ಲಿ ಹತರಾದ ಅಧ್ಯಕ್ಷ ಲಿಂಕನ್ನರಿಗಾಗಿ ಅವಸರದಲ್ಲೊಂದು ಪೀಠ ಸಿದ್ಧವಾಯಿತು: ಒರಟು ಪೈನ್ ಹಲಗೆಗಳು, ಮೇಲೊಂದು ಕಪ್ಪು ವಸ್ತ್ರ. 1963ರಲ್ಲಿ ಅಧ್ಯಕ್ಷ ಕೆನಡಿಯವರಿಗೂ ಅದೇ ಪೀಠ ಆಧಾರವಾಯಿತು.

ಆದರೆ ಈ ಗೌರವ ಸಲ್ಲಬೇಕಾದುದು ಪದವಿಗೋ, ಬಾಳಿದ ಬಾಳಿಗೋ? ಪದವಿಗೆ ಮಾತ್ರವೆಂದಾದರೆ ಅದು ಶಿಷ್ಟಾಚಾರವಾದೀತೇ ಹೊರತು ಕೃತಜ್ಞತೆಯಾಗದು. 2005ರ ಅಕ್ಟೋಬರಿನಲ್ಲಿ ಅದೇ ಗುಮ್ಮಟದಡಿ ರೋಸಾ ಪಾರ್ಕ್ಸ್ ಅವರ ಶರೀರವನ್ನಿರಿಸಲಾಯಿತು. ಹೊಲಿಗೆಯಿಂದ ಜೀವನ ಸಾಗಿಸುತ್ತಿದ್ದ ಆಕೆ 1955ರಲ್ಲಿ ಮಾಂಟ್‌ಗೊಮೆರಿಯ ಬಸ್ಸಿನಲ್ಲಿ ಬಿಳಿಯ ಪ್ರಯಾಣಿಕನಿಗೆ ಆಸನ ಬಿಟ್ಟುಕೊಡಲೊಲ್ಲದೆ ಬಂಧನಕ್ಕೊಳಗಾದವರು. ಅಲ್ಲಿ ಈ ಮನ್ನಣೆ ಪಡೆದ ಪ್ರಥಮ ಮಹಿಳೆ ಆಕೆಯೇ. ಅಧಿಕಾರವಿಲ್ಲದವರಿಗೆ ಸಲ್ಲುವ ಗೌರವಕ್ಕೆ ಅಲ್ಲಿ ಬೇರೆಯೇ ಹೆಸರುಂಟು. ಸಾಲುಗಟ್ಟಿ ಬಂದ ಸಾವಿರಾರು ಜನ ಆ ಭೇದವನ್ನೆಣಿಸಲಿಲ್ಲ.

ಪದವಿಯಿಲ್ಲದವರಿಗೂ ಕೊಟ್ಟರೆ ಗೌರವ ಅಗ್ಗವಾಗುವುದೆಂಬ ವಾದವುಂಟು. ವಸ್ತುತಃ ಅದು ಅಗ್ಗವಾಗುವುದು ಪದವಿಯಿದ್ದವರಿಗೆಲ್ಲ ತಾನಾಗಿಯೇ ದೊರೆತಾಗ. ಕುರ್ಚಿಯನ್ನು ನೋಡಿ ಕೈಮುಗಿಯುವುದನ್ನಲ್ಲ, ಬಾಳನ್ನು ತೂಗಿ ತಲೆಬಾಗುವುದನ್ನು ಎಳೆಯರಿಗೆ ಕಲಿಸುವುದು ವಿದ್ಯಾಲಯಗಳ ಹೊಣೆ. ಕಪ್ಪು ವಸ್ತ್ರದಡಿಯ ಆ ಒರಟು ಹಲಗೆಗಳು ಸಾರುವುದೂ ಅದನ್ನೇ.